ಪಿಯಾನೊ ಬರೋದೇ ನಾಲ್ಕು ನಿಮಿಷ ಆದಮೇಲೆ: ರೊಮ್ಯಾಂಟಿಕ್ ಕಾನ್ಸರ್ಟೊಗಳ ಬಂಧದ ಬಗ್ಗೆ ಒಂದು ಪ್ರಶ್ನೆ

ಶ್ರುತಿಪೆಟ್ಟಿಗೆ
ಎಲ್ಲರಿಗೂ ನಮಸ್ಕಾರ. ಪಾಶ್ಚಾತ್ಯ ಸಂಗೀತದಲ್ಲಿ ನಾನಿನ್ನೂ ಅ ಆ ಇ ಈ. ಕೇಳಿ ಬೆಳೆದದ್ದು ರಾಮನವಮಿ ಕಚೇರಿಗಳನ್ನು; ಪಿಯಾನೊ ಮನೆಗೆ ಬಂದದ್ದು ಮಗಳ ದೆಸೆಯಿಂದ. ಅವಳಿಗೀಗ ಹತ್ತೊಂಬತ್ತು. ಶೋಪ್ಯಾನ್‌ನ ಇ ಮೈನರ್ ಕಾನ್ಸರ್ಟೊದ ಮೊದಲ ಮೂವ್‌ಮೆಂಟ್ ಕಲಿಯುತ್ತಿದ್ದಾಳೆ. (ಕಾನ್ಸರ್ಟೊ ಅಂದರೆ ಒಂದು ಮುಖ್ಯ ವಾದ್ಯ ಆರ್ಕೆಸ್ಟ್ರಾ ಜೊತೆ ನುಡಿಯುವ ದೊಡ್ಡ ಕೃತಿ, ಮೂವ್‌ಮೆಂಟ್ ಅಂದರೆ ಅದರ ಒಂದು ಭಾಗ.) ಪುಸ್ತಕ ಎರಡು ಪಿಯಾನೊಗೆ ಇಳಿಸಿದ್ದು. ಕೆಳಗಿನ ಸಾಲು ಆರ್ಕೆಸ್ಟ್ರಾದ್ದು. ಅದರ ಮೊದಲ ಕೆಲವು ಹಾಳೆಗಳನ್ನು ಟೀಚರ್ ಒಟ್ಟು ಸೇರಿಸಿ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿಬಿಟ್ಟಿದ್ದಾರೆ. ಹಸಿರು ಪ್ಲಾಸ್ಟಿಕ್ ಕ್ಲಿಪ್. "ಅದು ನಿನ್ನ ಭಾಗ ಅಲ್ಲ, ನೇರ 139ನೇ ಬಾರ್‌ಗೆ ಬಾ" ಅಂದರಂತೆ. (ಬಾರ್ ಅಂದರೆ ತಾಳದ ಒಂದು ಸುತ್ತಿನಂಥ ಅಳತೆ.)

ಕುತೂಹಲಕ್ಕೆ ಯೂಟ್ಯೂಬಿನಲ್ಲಿ ಹಾಕಿ ನೋಡಿದೆ. ಆ 138 ಬಾರ್ ಹೆಚ್ಚುಕಮ್ಮಿ ನಾಲ್ಕು ನಿಮಿಷ ನಡೆಯುತ್ತದೆ. ಅಷ್ಟು ಹೊತ್ತೂ ಪಿಯಾನೊ ಮುಂದೆ ಕೂತವರು ಕೈ ತೊಡೆ ಮೇಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಾರೆ. ಅದೇ ಶೂಮನ್‌ನ ಎ ಮೈನರ್ ಕಾನ್ಸರ್ಟೊ ಹಾಕಿದರೆ, ಆರ್ಕೆಸ್ಟ್ರಾದ್ದು ಒಂದೇ ಏಟು, ಅಷ್ಟರಲ್ಲಿ ಪಿಯಾನೊ ಮೇಲಿನಿಂದ ಧಡಧಡ ಇಳಿದು ಬಂದಾಯಿತು. ಒಂದು 1830ರದ್ದು, ಇನ್ನೊಂದು 1841ರದ್ದು. ಹನ್ನೊಂದು ವರ್ಷದಲ್ಲಿ ಏನಾಯಿತು? ನಾಲ್ಕು ನಿಮಿಷ ಎಲ್ಲಿ ಹೋಯಿತು?

ಇನ್ನೊಂದು. ನನ್ನ ಹತ್ತಿರ ಇರುವ ಸಿ.ಡಿ.ಯ ಟಿಪ್ಪಣಿಯಲ್ಲಿ ಶೋಪ್ಯಾನ್‌ಗೆ ದೊಡ್ಡ ಬಂಧ ಕೈಹತ್ತಲಿಲ್ಲ ಅನ್ನುವ ಅರ್ಥದಲ್ಲಿ ಬರೆದಿದ್ದಾರೆ. ಕೇಳುವಾಗ ನನಗೆ ಏನೂ ಕೊರತೆ ಕಾಣಲಿಲ್ಲ. ತಿಳಿದವರು ಹೇಳಿ.

ಕೀಲಿಮನೆ
ಆ ಕ್ಲಿಪ್ ನಾನೂ ಹಾಕಿದ್ದೇನೆ ಸರ್, ಬೈಯಬೇಡಿ. ಪಾಠದಲ್ಲಿ ಎರಡನೇ ಪಿಯಾನೊ ನುಡಿಸುವವರು ನಾವೇ ತಾನೆ. ಪಿಟೀಲು, ಹಾರ್ನ್, ಟಿಂಪನಿಗೆ ಬರೆದದ್ದನ್ನು ಹತ್ತು ಬೆರಳಿಗೆ ಇಳಿಸಿದರೆ ಒಣ ಒಣ ಕೇಳುತ್ತದೆ, ಪಾಠದ ಸಮಯವೂ ಅದಕ್ಕೇ ಹೋಗುತ್ತದೆ. ಹಿಂದಿನ ತಲೆಮಾರಿನ ದೊಡ್ಡ ಕಲಾವಿದರೇ ವೇದಿಕೆಯಲ್ಲಿ, ರೆಕಾರ್ಡಿನಲ್ಲಿ ಈ ಪೀಠಿಕೆಗೆ ಕತ್ತರಿ ಹಾಕಿದ್ದುಂಟು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆ ನಾಲ್ಕು ನಿಮಿಷ ಶೋಪ್ಯಾನ್ ಕಂಡುಹಿಡಿದದ್ದಲ್ಲ, ಪಿತ್ರಾರ್ಜಿತ. ಮೊಜಾರ್ಟ್ ಕಾಲದ ಕ್ರಮ ಹೀಗೆ: ಮೊದಲು ಆರ್ಕೆಸ್ಟ್ರಾ ಮುಖ್ಯ ಥೀಮ್‌ಗಳನ್ನೆಲ್ಲ ಒಮ್ಮೆ ಹಾಡಿ ತೋರಿಸುತ್ತದೆ, ಆದರೆ ಮನೆಯ ಕೀ, ಅಂದರೆ ಶುರುವಿನ ಆಧಾರ ಸ್ವರ ಮತ್ತು ಅದರ ಸ್ವರಗುಂಪು, ಬಿಟ್ಟು ಕದಲುವುದಿಲ್ಲ. ಆಮೇಲೆ ಪಿಯಾನೊ ಬಂದು ಅದನ್ನೇ ತನ್ನ ಮಾತಿನಲ್ಲಿ ಹೇಳುತ್ತದೆ, ಹೇಳುತ್ತಾ ಹೇಳುತ್ತಾ ಹೊಸ್ತಿಲು ದಾಟಿ ಬೇರೆ ಕೀಗೆ ಹೋಗುತ್ತದೆ. ಹೊಸ್ತಿಲು ದಾಟುವ ಹಕ್ಕು ಪಿಯಾನೊಗೆ ಮಾತ್ರ. ಒಪೆರಾ ಹಾಡಿನಲ್ಲಿ ಮೊದಲು ವಾದ್ಯಗಳು ಧಾಟಿ ನುಡಿಸಿ, ಆಮೇಲೆ ಗಾಯಕಿ ಬಾಯಿ ತೆರೆಯುವುದಿಲ್ಲವೇ, ಅದೇ ಸಂಪ್ರದಾಯ. ಆ ಕಾಯುವಿಕೆಯಿಂದಲೇ ಪಿಯಾನೊ ಪ್ರವೇಶಕ್ಕೆ ತೂಕ.

ಇದನ್ನು ಆಗಲೇ ಕೆಣಕಿದವನೂ ಮೊಜಾರ್ಟೇ. 1777ರ ಇ ಫ್ಲಾಟ್ ಕಾನ್ಸರ್ಟೊದಲ್ಲಿ ಎರಡನೇ ಬಾರ್‌ಗೇ ಪಿಯಾನೊ ತಲೆ ಹಾಕಿ, ಆಮೇಲೆ ಒಳಗೆ ಹೋಗಿ ಕೂತುಬಿಡುತ್ತದೆ. ಬೀಥೋವನ್‌ನ ನಾಲ್ಕನೆಯದರಲ್ಲಿ ಶುರುವೇ ಪಿಯಾನೊ ಒಂದರಿಂದ. ಐದು ಬಾರ್, ಮೆತ್ತಗೆ, ಜಿ ಮೇಜರ್. ಅದಕ್ಕೆ ಪಿಟೀಲುಗಳು ಉತ್ತರ ಕೊಡುವುದು ಬಿ ಮೇಜರಿನಲ್ಲಿ, ಎಲ್ಲೋ ದೂರದ ಕೋಣೆಯಿಂದ ಬಂದ ಹಾಗೆ. 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಸಾರ್ವಜನಿಕರೆದುರು ಅವನೇ ನುಡಿಸಿದ. ಐದನೆಯದರಲ್ಲಿ ಆರ್ಕೆಸ್ಟ್ರಾ ಮೂರು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು) ಕೊಡುತ್ತದೆ, ಪ್ರತಿಯೊಂದರ ಮೇಲೂ ಪಿಯಾನೊ ಒಂದು ಸುರಿಮಳೆ ಸುರಿಸುತ್ತದೆ. ಆದರೆ ನೋಡಿ, ಎರಡರಲ್ಲೂ ಆಮೇಲೆ ಆರ್ಕೆಸ್ಟ್ರಾದ ದೀರ್ಘ ಪೀಠಿಕೆ ಬಂದೇ ಬರುತ್ತದೆ. ಬೀಥೋವನ್ ಬಾಗಿಲಲ್ಲಿ ಮುಖ ತೋರಿಸಿದ, ಹಜಾರ ಒಡೆಯಲಿಲ್ಲ.

ಶೋಪ್ಯಾನ್‌ಗೆ ಮಾದರಿ ಹುಮ್ಮೆಲ್‌ನಂಥ ಪಿಯಾನೊ ಪಟುಗಳು. ಹಳೆಯ ಹಜಾರ ಹಾಗೇ ಇರಲಿ, ಪಿಯಾನೊ ಬಂದಮೇಲೆ ಆರ್ಕೆಸ್ಟ್ರಾ ಹಿಂದೆ ಸರಿದು ಶ್ರುತಿ ಹಿಡಿದ ಹಾಗೆ ಇರಲಿ, ಅಷ್ಟೇ ಅವರ ಲೆಕ್ಕ.

ಘಟ್ಟದಕೆಳಗೆ
ಇದು ನಮ್ಮ ಯಕ್ಷಗಾನದ ಹಾಗೇ ಉಂಟಲ್ಲ ಮಾರಾಯ್ರೆ. ಬಣ್ಣದ ವೇಷದ ಒಡ್ಡೋಲಗ ಅಂದರೆ ತೆರೆಯ ಹಿಂದೆ ಎಷ್ಟು ಹೊತ್ತು ಅಬ್ಬರ, ಚೆಂಡೆ ಎಷ್ಟು ಬೀಳಬೇಕು. ತೆರೆ ಇಳಿದ ಕೂಡಲೇ ಮಕ್ಕಳು ಕಿರುಚಬೇಕು. ಕ್ಲಿಪ್ ಹಾಕಿದರೆ ಕಿರುಚುವವರು ಯಾರು?

ಮ್ಯೂನಿಕ್_ಕನ್ನಡಿಗ
ಹಜಾರ ಒಡೆದದ್ದು ನಾನೀಗ ಇರುವ ಊರಲ್ಲಿ, ಅದಕ್ಕೇ ಬರೆಯದಿದ್ದರೆ ಆಗುವುದಿಲ್ಲ 🙂 1831ರ ಅಕ್ಟೋಬರ್ 17. ಮೆಂಡೆಲ್ಸನ್‌ಗೆ 22 ವರ್ಷ, ಜಿ ಮೈನರ್ ಕಾನ್ಸರ್ಟೊ, ಪಿಯಾನೊದಲ್ಲಿ ತಾನೇ. ಆರ್ಕೆಸ್ಟ್ರಾ ಕೆಲವೇ ಬಾರ್‌ಗಳಷ್ಟು ಕುದಿದು ಉಕ್ಕುತ್ತದೆ, ಅಷ್ಟರಲ್ಲಿ ಪಿಯಾನೊ ಒಂದೇ ಸ್ವರವನ್ನು ಎರಡು ಸ್ಥಾಯಿಯಲ್ಲಿ ಒಟ್ಟಿಗೆ ಬಡಿಯುತ್ತಾ ಎರಗುತ್ತದೆ. ಎರಡು ಸಲ ಹೇಳುವ ಪದ್ಧತಿಯೇ ಇಲ್ಲ. ಥೀಮನ್ನು ಇಬ್ಬರೂ ಸೇರಿ ಒಂದೇ ಸಲ ಹೇಳುತ್ತಾರೆ.

ಎರಡನೇ ಕೆಲಸ, ನನ್ನ ದೃಷ್ಟಿಯಲ್ಲಿ ಇದು ಇನ್ನೂ ದೊಡ್ಡದು: ಮೂರೂ ಮೂವ್‌ಮೆಂಟ್‌ಗಳನ್ನು ಹೊಲಿದುಬಿಟ್ಟ. ಮೊದಲನೆಯದು ಮುಗಿಯುವ ಹೊತ್ತಿಗೆ ಟ್ರಂಪೆಟ್, ಹಾರ್ನ್‌ಗಳು ಒಂದು ಕಹಳೆ ಊದುತ್ತವೆ, ಪಿಯಾನೊ ಅದನ್ನು ಹಿಡಿದು ಇಳಿಸಿಕೊಂಡು ಇ ಮೇಜರಿನ ನಿಧಾನ ಭಾಗಕ್ಕೆ ಕರೆದೊಯ್ಯುತ್ತದೆ. ನಿಧಾನ ಭಾಗ ಮುಗಿದರೆ ಮತ್ತೆ ಕಹಳೆ, ಕೊನೆಯ ಓಟ. ನಡುವೆ ಚಪ್ಪಾಳೆಗೆ ಜಾಗವೇ ಇಲ್ಲ.

ಇದು ಯಾಕೆ ದೊಡ್ಡದು ಅಂದರೆ, ಒಂದು ವರ್ಷ ಹಿಂದೆ, 1830ರ ಅಕ್ಟೋಬರ್ 11ರಂದು ವಾರ್ಸಾದಲ್ಲಿ ನಿಮ್ಮ ಮಗಳು ಕಲಿಯುತ್ತಿರುವ ಕಾನ್ಸರ್ಟೊ ಮೊದಲ ಸಲ ಸಾರ್ವಜನಿಕವಾಗಿ ನುಡಿದಾಗ, ಮೊದಲ ಮೂವ್‌ಮೆಂಟ್ ಮುಗಿದ ಮೇಲೆ ಮಧ್ಯದಲ್ಲಿ ಬೇರೆ ಯಾರೋ ಬಂದು ಹಾಡು ಹಾಡಿದರು. ಆಮೇಲೆ ಉಳಿದ ಎರಡು. ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ, ಆಗಿನ ರೂಢಿ ಅದು. ಅಂಥ ಕಾಲದಲ್ಲಿ ಮೂರನ್ನೂ ಹೊಲಿಯುವುದು ಎಂದರೆ ಕಾರ್ಯಕ್ರಮ ಏರ್ಪಡಿಸಿದವನ ಕೈ ಕಟ್ಟಿದ ಹಾಗೆ.

ಈ ಕಾನ್ಸರ್ಟೊ ಎಷ್ಟು ಹೆಚ್ಚು ನುಡಿಯುತ್ತಿತ್ತು ಅಂದರೆ ಫ್ರೆಂಚ್ ಸಂಗೀತಕಾರ ಬೆರ್ಲಿಯೋಜ್ ಒಂದು ಹಾಸ್ಯ ಬರೆದ. ಪ್ಯಾರಿಸ್ಸಿನ ಸ್ಪರ್ಧೆಯೊಂದರಲ್ಲಿ ಮೂವತ್ತು ಜನ ಒಬ್ಬರಾದಮೇಲೊಬ್ಬರು ಇದನ್ನೇ ನುಡಿಸಿ ನುಡಿಸಿ, ಕೊನೆಗೆ ಪಿಯಾನೊ ತಾನಾಗಿಯೇ ನುಡಿಯತೊಡಗಿತಂತೆ, ನಿಲ್ಲಿಸಲು ಆಗದೆ ಕೊಡಲಿಯಿಂದ ಕಡಿದು ಬೆಂಕಿಗೆ ಹಾಕಿದರಂತೆ.

ಶ್ರುತಿಪೆಟ್ಟಿಗೆ
😀 ನಮ್ಮ ಮನೆ ಪಿಯಾನೊಗೂ ಆ ಗತಿ ಬರುವ ಹಾಗಿದೆ. ಒಂದು ಸಂದೇಹ: ಕಡೆಂಜಾ ಅನ್ನುತ್ತಾರಲ್ಲ, ಆರ್ಕೆಸ್ಟ್ರಾ ನಿಂತು ಪಿಯಾನೊ ಒಂದೇ ನುಡಿಸುವ ಭಾಗ, ಅದು ನಮ್ಮ ತನಿ ಆವರ್ತನ ಅಂದುಕೊಳ್ಳಬಹುದೇ? ಮೆಂಡೆಲ್ಸನ್‌ನಲ್ಲಿ ಅದು ಕಾಣಲಿಲ್ಲ.

ಮಂದ್ರ
ಅಲ್ರೀ ಸರ್, ಅರ್ಧ ಹೌದು, ಅರ್ಧ ಅಲ್ಲ. ತನಿ ಸಿಗೋದು ಪಕ್ಕವಾದ್ಯದವರಿಗೆ. ಕಡೆಂಜಾ ಸಿಗೋದು ಮುಖ್ಯ ಕಲಾವಿದಗ. ಆದ್ರ ಮುಗಿಸೋ ರೀತಿ ಒಂದೇ ನೋಡ್ರಿ. ಮೃದಂಗದವ್ರು ಮೊಹರಾ ಕೋರ್ವೆ ಹೊಡದ ಕೂಡ್ಲೆ ಹಾಡೋವ್ರು ಎಡಪ್ಪು ಹಿಡೀತಾರಲ್ಲ, ಹಂಗ ಇಲ್ಲೆ ಪಿಯಾನೊದಾಗ ಒಂದು ಉದ್ದನ್ನ ಟ್ರಿಲ್ ಬರ್ತದ. ಎರಡು ಸ್ವರದ ನಡುವಿನ ಕಂಪನ. ಅದು ಬಂತಂದ್ರ ಆರ್ಕೆಸ್ಟ್ರಾದವ್ರು ವಾದ್ಯ ಎತ್ಗೋಬೇಕು.

ಇನ್ನ ಅದು ಶುರು ಆಗೋ ಜಾಗ. ಆರ್ಕೆಸ್ಟ್ರಾ ಒಂದು ತೂಗಾಡೋ ಕಾರ್ಡ್ ಮ್ಯಾಲೆ ನಿಂತಬಿಡ್ತದ. ವಾಕ್ಯದಾಗ ಅಲ್ಪವಿರಾಮ ಹಾಕಿ ನಿಂತಂಗ. ಆ ವಾಕ್ಯ ಮುಗಿಸೋದು ಪಿಯಾನೊದ ಕೆಲಸ. ಮೊದಲೆಲ್ಲ ಅದನ್ನ ಕಲಾವಿದ ಅಲ್ಲೇ ಮನೋಧರ್ಮದಿಂದ ನುಡಸ್ತಿದ್ದ. ಬೀಥೋವನ್ ಐದನೇದ್ರಾಗ ಆ ಜಾಗ ಬಂದಾಗ ಸ್ಕೋರಿನ್ಯಾಗ ಬರದಾನ: ಇಲ್ಲೆ ಕಡೆಂಜಾ ನುಡಸಬ್ಯಾಡ್ರಿ, ಮುಂದಿನದಕ್ಕ ನೇರ ಹೋಗ್ರಿ ಅಂತ. ಆಮ್ಯಾಲೆ ಶೂಮನ್ ತಾನೇ ಪೂರಾ ಬರದಿಟ್ಟ. ಮನೋಧರ್ಮದ ಬಾಗಿಲಾ ಹಾಕಿದ್ರು.

ಮೆಂಡೆಲ್ಸನ್‌ದಾಗ ಯಾಕ ಇಲ್ಲ ಅನ್ನೋದಕ್ಕ ನನ್ನ ಊಹೆ ಹೇಳ್ತೀನಿ. ಮೊದಲಿಗೆ ಆರ್ಕೆಸ್ಟ್ರಾ ಒಬ್ಬಂಟಿ ನಾಕು ನಿಮಿಷ ಮಾತಾಡಿತ್ತಂದ್ರ, ಕೊನೀಗೆ ಪಿಯಾನೊಗೂ ಒಬ್ಬಂಟಿ ಮಾತಾಡೋ ಪಾಳಿ ಬರಬೇಕು. ಅದು ಸಾಲ, ಇದು ತೀರಿಕಿ. ಸಾಲನೇ ಮಾಡಲಿಲ್ಲಂದ್ರ ತೀರಸೋದೇನದ?

ಕೀಲಿಮನೆ
ಸಾಲ-ತೀರಿಕೆ ಚೆನ್ನಾಗಿದೆ. ಆದರೆ ಶೂಮನ್ ಸಾಲವನ್ನೇ ಮಾಡದೆ ಕಡೆಂಜಾ ಇಟ್ಟುಕೊಂಡಿದ್ದಾನಲ್ಲ? ಶೋಪ್ಯಾನ್ ಅಷ್ಟುದ್ದ ಸಾಲ ಮಾಡಿ ಮೊದಲ ಮೂವ್‌ಮೆಂಟಿನಲ್ಲಿ ಕಡೆಂಜಾನೇ ಇಟ್ಟಿಲ್ಲ.

ಮಂದ್ರ
ಹೋದ್ರ ಹೋಗ್ಲಿ ಮೇಡಂ, ಊಹೆ ಅಂತ ಮೊದಲೇ ಹೇಳೇನಿ 😄

ಹಳೇರೆಕಾರ್ಡು
ಶೋಪ್ಯಾನ್ ವಿಷಯಕ್ಕೆ ಬರೋಣ. ಸಿ.ಡಿ. ಟಿಪ್ಪಣಿ ಬರೆದವರದು ತಪ್ಪೇನಿಲ್ಲ. ಇಂಥ ಮೊದಲ ಮೂವ್‌ಮೆಂಟ್‌ಗಳ ರೂಢಿಯ ಕಟ್ಟಡ ಸೊನಾಟ ಬಂಧ: ಥೀಮ್‌ಗಳ ಪರಿಚಯ, ಬೆಳವಣಿಗೆ, ಪುನರಾವೃತ್ತಿ. ಅದರ ಜೀವಾಳವೇ ಕೀಗಳ ನಡುವಿನ ಎಳೆದಾಟ. ಮೈನರ್ ಕೀಯಲ್ಲಿ ಶುರುವಾದರೆ ಎರಡನೇ ಥೀಮ್ ಅದರ ಸಂಬಂಧಿ ಮೇಜರಿಗೆ ಹೋಗಬೇಕು, ಕೊನೆಯ ಪುನರಾವೃತ್ತಿಯಲ್ಲಿ ಮನೆಗೆ ಮರಳಬೇಕು. ಇ ಮೈನರ್ ಆದರೆ ಜಿ ಮೇಜರ್. ಶೋಪ್ಯಾನ್ ಏನು ಮಾಡಿದ? ಎರಡನೇ ಥೀಮನ್ನು ಇ ಮೇಜರಿನಲ್ಲೇ ಇಟ್ಟ. ಅಂದರೆ ಹೋಗಲೇ ಇಲ್ಲ. ಕೊನೆಗೆ ಎಲ್ಲರೂ ಮನೆಗೆ ಬರುವ ಹೊತ್ತಿನಲ್ಲಿ ಅದನ್ನು ಜಿ ಮೇಜರಿಗೆ ಕಳಿಸಿದ. ತಲೆಕೆಳಗು. ಟವಿಯಂಥ ಇಂಗ್ಲಿಷ್ ವಿಮರ್ಶಕರು ಇದನ್ನು ಹಿಡಿದು ಚೆನ್ನಾಗಿಯೇ ಝಾಡಿಸಿದ್ದಾರೆ. ಪಿಯಾನೊದ ಕುಸುರಿ ಸ್ವರ್ಗ, ಒಪ್ಪಿದೆ. ಕಟ್ಟಡ ಕುಂಟು.

ಮಂದ್ರ
ತಲೆಕೆಳಗು ಅಂತ ಬೈಯೋಕ್ಕಿಂತ ಮೊದಲ ಶ್ರುತಿಪೆಟ್ಟಿಗೆ ಸರ್‌ಗೆ ಕೀ ಬದಲಾಗೋದು ಅಂದ್ರ ಏನಂತ ನಮ್ಮ ಮಾತಿನ್ಯಾಗ ಹೇಳೂಣು. ಯಾಕಂದ್ರ ಅವ್ರ ಕಿವಿಗೆ ತಂಬೂರಿ ಕೂತದ. ನನಗೂ ಮೊದಮೊದಲ ಈ ತೊಂದ್ರಿ ಆಗಿತ್ತು. ಹತ್ತು ವರ್ಷ ಕೇಳಿದ್ರೂ ಇವ್ರು ಎಲ್ಲಿಂದ ಎಲ್ಲಿಗೆ ಹ್ವಾದ್ರು ತಿಳೀತಿರ್ಲಿಲ್ಲ.

ಸರ್, ನಠಭೈರವಿ ಹಾಡ್ರಿ. ಈಗ ಅವೇ ಸ್ವರ ಇಟ್ಗೊಂಡು ಗಾಂಧಾರವನ್ನ ಷಡ್ಜ ಅಂತ ತಿಳ್ಕೊಂಡು ಹಾಡ್ರಿ. ಏನ ಬಂತು? ಶಂಕರಾಭರಣ. ಗ್ರಹಭೇದ. ಸ್ವರಗಳ್ಯಾವೂ ಬದಲಾಗಲಿಲ್ಲ, ಷಡ್ಜ ಎದ್ದು ಮೂರನೇ ಮನಿಗೆ ಹೋಗಿ ಕೂತ್ಕೊಂತು. ಇ ಮೈನರಿಂದ ಜಿ ಮೇಜರಿಗೆ ಹೋಗೋದು ಅಂದ್ರ ಇದೇ. ಇವ್ರು ಸಂಬಂಧಿ ಮೇಜರ್ ಅನ್ನೋದು ಅದಕ್ಕ. ಮನೆತನ ಒಂದೇ, ಯಜಮಾನ ಬ್ಯಾರೆ.

ಈಗ ಎರಡನೇ ದಾರಿ. ಷಡ್ಜ ಎಲ್ಲಿತ್ತೋ ಅಲ್ಲೇ ಇರ್ಲಿ. ನಠಭೈರವಿ ಬಿಟ್ಟು ಅದೇ ಷಡ್ಜದ ಮ್ಯಾಲೆ ಶಂಕರಾಭರಣ ಹಾಡ್ರಿ. ಗಾಂಧಾರ, ಧೈವತ, ನಿಷಾದ ಮೂರೂ ಏರಿದ್ವು. ಇದು ಇ ಮೈನರಿಂದ ಇ ಮೇಜರ್. ಗ್ರಹಭೇದ ಅಲ್ಲ, ರಾಗಮಾಲಿಕಾ. ಯಜಮಾನ ಅವನೇ, ಮಾರಿ ಮ್ಯಾಲಿನ ಬೆಳಕು ಬ್ಯಾರೆ.

ಶೋಪ್ಯಾನ್ ಮೊದಲಿಗೆ ಮಾಡಿದ್ದು ಎರಡನೇದು. ಮೂರು ಮೂವ್‌ಮೆಂಟ್ ತಗೊಂಡು ನೋಡ್ರಿ: ಇ ಮೈನರ್, ರೊಮಾನ್ಸ್ ಇ ಮೇಜರ್, ರೊಂಡೊ ಇ ಮೇಜರ್. ಇಡೀ ಕಾನ್ಸರ್ಟೊ ಒಂದೇ ಷಡ್ಜದ ಮ್ಯಾಲೆ ನಿಂತದ. ನಲವತ್ತು ನಿಮಿಷ ಒಂದೇ ಶ್ರುತಿ! ಅಂಥಾದ್ರಾಗ ಷಡ್ಜ ಖರೇನ ಎದ್ದು ಹೋಗಿ, ಅದೇ ಹಾಡು ಬ್ಯಾರೆ ಮನ್ಯಾಗ ಕೇಳೋದು ಮೊದಲ ಮೂವ್‌ಮೆಂಟಿನ ಕೊನೀ ಕಡೆ. ಎಲ್ಲಾರೂ ಮನಿಗೆ ಬಂದ್ವಿ ಅಂತ ಚಪ್ಪಲಿ ಬಿಡೋ ಹೊತ್ತಿಗೆ ಇವ ಜಿ ಮೇಜರಿಗೆ ನಡದಬಿಟ್ಟ. ನೀವು ಕುಂಟು ಅಂತೀರಿ. ನನಗ ಅಲ್ಲಿ ಪ್ರತೀ ಸಲ ಎದೀ ಝಲ್ ಅಂತದ.

ಕೀಲಿಮನೆ
ವಿವರಣೆ ಮಕ್ಕಳಿಗೆ ಹೇಳಿಕೊಡಲು ಕದಿಯುತ್ತಿದ್ದೇನೆ. ಒಂದು ತಿದ್ದುಪಡಿ: ಇವರ ಮೈನರ್ ಶುದ್ಧ ನಠಭೈರವಿಯಲ್ಲಿ ನಿಲ್ಲುವುದಿಲ್ಲ. ಮನೆಗೆ ಬಂದು ಸೇರುವಾಗ ನಿಷಾದ ಏರುತ್ತದೆ, ಆಗ ಅದು ಕೀರವಾಣಿ. ಆ ಏರಿದ ನಿಷಾದ ಇದ್ದಾಗಲೇ ಇವರಿಗೆ ಮನೆಗೆ ಬಂದೆವು ಅನ್ನುವ ಗಟ್ಟಿ ಭಾವ. ಅದನ್ನು ಇಳಿಸಿದರೆ ಷಡ್ಜ ಸಡಿಲವಾಗಿ, ಗಾಂಧಾರದ ಕಡೆ ವಾಲುತ್ತದೆ.

ಹಳೇರೆಕಾರ್ಡು ಸರ್‌ಗೆ: ಬಂಧ ಅಂದರೆ ಹೀಗೇ ಇರಬೇಕು ಅನ್ನುವ ಪಟ್ಟಿ 1830ರಲ್ಲಿ ಶೋಪ್ಯಾನ್ ಕೈಲಿ ಇರಲಿಲ್ಲ. ಸೊನಾಟ ಬಂಧದ ಪಠ್ಯಪುಸ್ತಕ ವ್ಯಾಖ್ಯಾನ ಗಟ್ಟಿಯಾದದ್ದೇ ಆಮೇಲೆ. ಅವನ ಮುಂದೆ ಇದ್ದದ್ದು ಪುಸ್ತಕವಲ್ಲ, ಹುಮ್ಮೆಲ್‌ನ ಸ್ಕೋರು. ಮತ್ತೆ ಎಫ್ ಮೈನರ್ ಕಾನ್ಸರ್ಟೊದಲ್ಲಿ, ಅದನ್ನು ಬರೆದದ್ದೇ ಮೊದಲು, ಎರಡನೇ ಥೀಮ್ ಶಿಸ್ತಾಗಿ ಎ ಫ್ಲಾಟ್ ಮೇಜರಿಗೆ ಹೋಗುತ್ತದೆ. ನಿಯಮ ಗೊತ್ತಿತ್ತು. ಇ ಮೈನರಿನಲ್ಲಿ ಬೇಕೆಂದೇ ಬಿಟ್ಟ.

ಹಳೇರೆಕಾರ್ಡು
ಬೇಕೆಂದೇ ಮಾಡಿದ ಮಾತ್ರಕ್ಕೆ ಸರಿಯಾಯಿತು ಅಂತಲ್ಲ ಮೇಡಂ. ಸಾರಿಗೆ ಬೇಕೆಂದೇ ಉಪ್ಪು ಹಾಕದವರೂ ಇದ್ದಾರೆ. ನನ್ನ ಅಭಿಪ್ರಾಯ ಅಲ್ಲೇ ಇದೆ. ಮನೆ ಬಿಟ್ಟು ಹೋಗದವನು ಮರಳಿ ಬಂದಾಗ ಯಾರು ಎದುರುಗೊಳ್ಳುತ್ತಾರೆ?

ಬಂಧದಲ್ಲಿ ಧೈರ್ಯ ನೋಡಬೇಕಾದರೆ ಬ್ರಾಮ್ಸ್ ಒಂದನೆಯದು ಕೇಳಿ. ಡಿ ಮೈನರ್, 1859. ಈ ಹೊತ್ತಿಗೆ ಎಲ್ಲರೂ ಪೀಠಿಕೆ ಬಿಟ್ಟಾಗಿತ್ತು, ಇವನು ಹಟ ಹಿಡಿದು ತಂದ. ತೊಂಬತ್ತು ಬಾರ್. ಟಿಂಪನಿ ಡಿ ಸ್ವರದಲ್ಲಿ ಗುಡುಗುತ್ತಿದೆ, ಅದರ ಮೇಲೆ ಥೀಮ್ ಬಿ ಫ್ಲಾಟ್ ಕಾರ್ಡಿನಲ್ಲಿ ಸಿಡಿಯುತ್ತದೆ. ಮೊದಲ ಕ್ಷಣದಿಂದಲೇ ಮನೆ ಯಾವುದು ಅನ್ನುವುದರಲ್ಲಿ ಜಗಳ. ಇಷ್ಟೆಲ್ಲ ರಣರಂಗವಾದಮೇಲೆ 91ನೇ ಬಾರಿನಲ್ಲಿ ಪಿಯಾನೊ ಬರುತ್ತದಲ್ಲ, ಅದು ಗುಡುಗನ್ನು ಮುಟ್ಟುವುದೇ ಇಲ್ಲ. ಬೇರೆಯೇ ಒಂದು ಹಾಡನ್ನು ತಗ್ಗಿದ ದನಿಯಲ್ಲಿ ಗುನುಗುತ್ತಾ ಬರುತ್ತದೆ. ಕಾದದ್ದಕ್ಕೆ ಬೆಲೆ ಅಂದರೆ ಅದು. ಜಗಳದ ಥೀಮ್ ಪಿಯಾನೊ ಕೈಗೆ ಪೂರ್ತಿ ಸಿಗುವುದು ಪುನರಾವೃತ್ತಿಯಲ್ಲಿ. ಆಗ ಕೆಳಗೆ ಆರ್ಕೆಸ್ಟ್ರಾ ಡಿ ಹಿಡಿದು ನಿಂತಿದ್ದರೆ ಪಿಯಾನೊ ಅದರ ಮೇಲೆ ಇ ಮೇಜರಿನಲ್ಲಿ ಎರಗುತ್ತದೆ. ಮಂದ್ರ ಅವರ ಮಾತಿನಲ್ಲಿ ಹೇಳಿ ನೋಡೋಣ ಇದನ್ನು?

ಮಂದ್ರ
ಶ್ರುತಿಪೆಟ್ಟಿಗಿ ಒಂದು ಮನ್ಯಾಗ, ಹಾಡೋವ ಒಂದು ಮನಿ ಮ್ಯಾಲೆ. ನಮ್ಮಲ್ಲಿ ಹಿಂಗ ಮಾಡಿದ್ರ ಕೇಳವ್ರು ಎದ್ದು ಹೋಗ್ತಾರ.

ಮ್ಯೂನಿಕ್_ಕನ್ನಡಿಗ
ಅಲ್ಲೂ ಎದ್ದು ಹೋಗುವುದೊಂದು ಬಾಕಿ. ಹ್ಯಾನೋವರಿನಲ್ಲಿ ಜನವರಿ 22ಕ್ಕೆ ಮೊದಲ ಪ್ರದರ್ಶನ ಮರ್ಯಾದೆಯಿಂದ ಮುಗಿಯಿತು. ಐದು ದಿನ ಬಿಟ್ಟು ಲೈಪ್‌ಜಿಗ್ಗಿನಲ್ಲಿ ಜನ ಬುಸ್ ಅಂದರು. ಬ್ರಾಮ್ಸ್‌ಗೆ 25 ವರ್ಷ, ಪಿಯಾನೊ ಮುಂದೆ ಅವನೇ ಕೂತಿದ್ದ. ಎರಡು ಪಿಯಾನೊದ ಸೊನಾಟ ಅಂತ 1854ರಲ್ಲಿ ಶುರುಮಾಡಿ, ಸಿಂಫನಿ ಮಾಡಹೊರಟು, ಕಾನ್ಸರ್ಟೊ ಆಗಿ ಮುಗಿಸಿದ ಕೃತಿ ಅದು. ಆ ಪೀಠಿಕೆ ಅಷ್ಟು ಭಾರ ಇರುವುದಕ್ಕೆ ಅದೂ ಒಂದು ಕಾರಣ ಇದ್ದೀತು: ಒಳಗೊಂದು ಸಿಂಫನಿ ಸಿಕ್ಕಿಹಾಕಿಕೊಂಡಿದೆ.

ಕೀಲಿಮನೆ
ಶೂಮನ್ ಬಗ್ಗೆ ಯಾರೂ ಹೇಳಲಿಲ್ಲ, ಮೂಲ ಪ್ರಶ್ನೆಯೇ ಅದು.

ಆ ಕಾನ್ಸರ್ಟೊ ಕಾನ್ಸರ್ಟೊ ಆಗಿಯೇ ಹುಟ್ಟಲಿಲ್ಲ. 1841ರಲ್ಲಿ ಬರೆದದ್ದು ಪಿಯಾನೊ-ಆರ್ಕೆಸ್ಟ್ರಾಕ್ಕೆ ಒಂದು ಫ್ಯಾಂಟಸಿ, ಒಂದೇ ಮೂವ್‌ಮೆಂಟ್. ಆ ಆಗಸ್ಟಿನಲ್ಲಿ ಲೈಪ್‌ಜಿಗ್ಗಿನ ರಿಹರ್ಸಲ್ ಒಂದರಲ್ಲಿ ಅವನ ಹೆಂಡತಿ ಕ್ಲಾರಾ ನುಡಿಸಿ ನೋಡಿದಳು, ತುಂಬು ಗರ್ಭಿಣಿ. ಮೊದಲ ಮಗು ಹುಟ್ಟಿದ್ದು ಸೆಪ್ಟೆಂಬರ್ 1ಕ್ಕೆ. ಪ್ರಕಾಶಕರು ಯಾರೂ ತೆಗೆದುಕೊಳ್ಳಲಿಲ್ಲ. 1845ರಲ್ಲಿ ಇನ್ನೆರಡು ಮೂವ್‌ಮೆಂಟ್ ಸೇರಿಸಿದ, ಡಿಸೆಂಬರ್ 4ರಂದು ಡ್ರೆಸ್ಡನ್ನಿನಲ್ಲಿ ಕ್ಲಾರಾಳೇ ನುಡಿಸಿದಳು.

ಹಾಗಾಗಿ ಆ ಮೊದಲ ಮೂವ್‌ಮೆಂಟಿನ ಹೊಟ್ಟೆಯಲ್ಲೇ ಒಂದು ಪೂರ್ತಿ ಕಾನ್ಸರ್ಟೊ ಇದೆ. ಮೊದಲ ಬಿರುಸು ಮುಗಿದ ಕೂಡಲೇ ಒಬೋ ಎಂಬ ಗಾಳಿವಾದ್ಯ ಒಂದು ಹಾಡು ಹೇಳುತ್ತದೆ: ಸಿ, ಬಿ, ಎ, ಎ. ಜರ್ಮನ್ನರು ಬಿ ಸ್ವರವನ್ನು ಎಚ್ ಎಂದು ಕರೆಯುತ್ತಾರೆ. ಕಿಯಾರಾ ಅನ್ನುವ ಹೆಸರಿನಲ್ಲಿರುವ ಸ್ವರಾಕ್ಷರಗಳು ಇವೇ, ಅದು ಕ್ಲಾರಾಗೆ ಅವನಿಟ್ಟ ಹೆಸರು. ಎರಡನೇ ಥೀಮ್ ಎಲ್ಲಿ ಅಂತ ಹುಡುಕಿದರೆ, ಸಿ ಮೇಜರಿನಲ್ಲಿ ಮತ್ತೆ ಅದೇ ಹಾಡು, ಬೇರೆ ಉಡುಪು. ಇನ್ನೇನು ಬೆಳವಣಿಗೆ ಶುರುವಾಗಬೇಕು ಅನ್ನುವಾಗ ಎಲ್ಲ ನಿಂತು, ಎ ಫ್ಲಾಟ್ ಮೇಜರಿನಲ್ಲಿ ನಿಧಾನಕ್ಕೆ ಪಿಯಾನೊ ಮತ್ತು ಕ್ಲ್ಯಾರಿನೆಟ್ ಅದನ್ನೇ ಪಿಸುಗುಟ್ಟಿಕೊಳ್ಳುತ್ತವೆ. ಇದೇ ನಿಧಾನ ಮೂವ್‌ಮೆಂಟು! ಕಡೆಂಜಾ ಆದಮೇಲೆ ಕೊನೆಗೆ ಅದೇ ನಾಲ್ಕು ಸ್ವರ ದಾಪುಗಾಲಿನ ಮೆರವಣಿಗೆ ಆಗುತ್ತದೆ. ಒಂದೇ ಥೀಮಿಗೆ ನಾಲ್ಕು ಅವತಾರ. ಇಂಥದ್ದಕ್ಕೆ ನಾಲ್ಕು ನಿಮಿಷದ ಪೀಠಿಕೆ ಹಾಕಿದ್ದರೆ ಏನಾಗುತ್ತಿತ್ತು ಯೋಚಿಸಿ. ಗುಟ್ಟೆಲ್ಲ ಬಾಗಿಲಲ್ಲೇ ರಟ್ಟು. ಶ್ರುತಿಪೆಟ್ಟಿಗೆ ಸರ್, ನಿಮ್ಮ ನಾಲ್ಕು ನಿಮಿಷ ಹೋದದ್ದು ಇಲ್ಲಿಗೆ ಅಂತ ನನಗನಿಸುತ್ತದೆ: ಪರಿಚಯ ಮಾಡಿಕೊಡಲು ಬೇರೆ ಬೇರೆ ಥೀಮ್‌ಗಳೇ ಇಲ್ಲದಾಗ ಪರಿಚಯದ ಭಾಷಣ ಬೇಡವಾಯಿತು.

ಎರಡನೇ ಮೂವ್‌ಮೆಂಟಿನ ಕೊನೆಯಲ್ಲಿ ಗಾಳಿವಾದ್ಯಗಳು ಆ ಹಾಡನ್ನು ನೆನಪಿಸಿಕೊಳ್ಳುತ್ತವೆ, ಒಮ್ಮೆ ಮೇಜರಿನಲ್ಲಿ, ಒಮ್ಮೆ ಮೈನರಿನಲ್ಲಿ, ಅಲ್ಲಿಂದ ನೇರ ಕೊನೆಯ ಮೂವ್‌ಮೆಂಟಿಗೆ ಜಿಗಿತ. ಅಲ್ಲಿ ಮೂರರ ನಡೆಯಲ್ಲಿ ಪಿಟೀಲುಗಳು 3+3 ಬದಲು 2+2+2 ಎಣಿಸುತ್ತವೆ. ನಮ್ಮವರಿಗೆ ಕೈಯಲ್ಲಿ ತಾಳ ಹಾಕಿದರೆ ತಕ್ಷಣ ಸಿಗುತ್ತದೆ, ಆರ್ಕೆಸ್ಟ್ರಾದವರಿಗೆ ಇಂದಿಗೂ ಬೆವರು.

ಈಗ ನನ್ನ ತಕರಾರು. ಇದನ್ನೆಲ್ಲ ಶೂಮನ್ ಕಂಡುಹಿಡಿದ ಅಂತ ಬರೆಯುತ್ತಾರೆ. 1835ರ ನವೆಂಬರ್ 9ರಂದು ಲೈಪ್‌ಜಿಗ್ಗಿನಲ್ಲಿ ಮೆಂಡೆಲ್ಸನ್ ಆರ್ಕೆಸ್ಟ್ರಾ ನಡೆಸಿದ, 16 ವರ್ಷದ ಹುಡುಗಿಯೊಬ್ಬಳು ತಾನೇ ಬರೆದ ಎ ಮೈನರ್ ಕಾನ್ಸರ್ಟೊ ನುಡಿಸಿದಳು. ಮೂರೂ ಮೂವ್‌ಮೆಂಟ್ ಹೊಲಿದದ್ದು. ಮೊದಲನೆಯದಕ್ಕೆ ಪುನರಾವೃತ್ತಿಯೇ ಇಲ್ಲ, ಮನೆಗೆ ಮರಳದೆ ನೇರ ನಿಧಾನ ಭಾಗಕ್ಕೆ ಜಾರುತ್ತದೆ. ಆ ನಿಧಾನ ಭಾಗ ಎ ಫ್ಲಾಟ್ ಮೇಜರ್. ಆರ್ಕೆಸ್ಟ್ರಾ ಹೆಚ್ಚುಕಮ್ಮಿ ಪೂರ್ತಿ ಮೌನ, ಪಿಯಾನೊ ಜೊತೆ ಒಂದೇ ಒಂದು ಚೆಲ್ಲೊ. ಹುಡುಗಿ ಕ್ಲಾರಾ ವೀಕ್. ಮದುವೆಯಾದದ್ದು ಐದು ವರ್ಷದ ಮೇಲೆ. ಎ ಮೈನರಿನ ನಡುವೆ ಎ ಫ್ಲಾಟ್ ಮೇಜರಿನ ಪಿಸುಮಾತು ಮೊದಲು ಯಾರದು, ನೀವೇ ಹೇಳಿ.

ಘಟ್ಟದಕೆಳಗೆ
ಇದು ನನಗೆ ಗೊತ್ತೇ ಇರಲಿಲ್ಲ. ಚೆಲ್ಲೊದ್ದು ಈಗ ಕೇಳಿ ಬಂದೆ. ಬ್ರಾಮ್ಸ್ ಎರಡನೆಯದರಲ್ಲೂ ನಿಧಾನ ಭಾಗದಲ್ಲಿ ಚೆಲ್ಲೊ ಒಂದೇ ಹಾಡುವುದಲ್ಲವಾ? 1881ರದ್ದು. ಕ್ಲಾರಾ ಹೆಸರು ಯಾರೂ ಹೇಳುವುದಿಲ್ಲ, ಬೇಜಾರು.

ಲಿಸ್ಟ್ ಒಂದನೆಯದರ ಬಗ್ಗೆಯೂ ಹೇಳಿ. ನನಗೆ ಅದೇ ಇಷ್ಟ. ಟಿಣ್ ಟಿಣ್ ತ್ರಿಕೋನ ಉಂಟು.

ಮ್ಯೂನಿಕ್_ಕನ್ನಡಿಗ
ಆ ತ್ರಿಕೋನಕ್ಕೇ ಹಾನ್ಸ್‌ಲಿಕ್ ಎಂಬ ವಿಯೆನ್ನಾದ ವಿಮರ್ಶಕ 'ಟ್ರಯಾಂಗಲ್ ಕಾನ್ಸರ್ಟೊ' ಅಂತ ಗೇಲಿ ಮಾಡಿದ. 1855ರ ಫೆಬ್ರವರಿ 17, ವೈಮಾರ್. ಪಿಯಾನೊದಲ್ಲಿ ಲಿಸ್ಟ್, ಆರ್ಕೆಸ್ಟ್ರಾ ಮುಂದೆ ಬೆರ್ಲಿಯೋಜ್. ಇಪ್ಪತ್ತು ನಿಮಿಷದೊಳಗೆ ನಾಲ್ಕು ಭಾಗ, ಎಲ್ಲೂ ನಿಲುಗಡೆ ಇಲ್ಲ. ಗಮನಿಸಬೇಕಾದ್ದು ಕೊನೆಯದು. ಅದರಲ್ಲಿ ಹೊಸ ಸರಕು ಹೆಚ್ಚಿಲ್ಲ. ನಿಧಾನ ಭಾಗದಲ್ಲಿ ಕಣ್ಣುಮುಚ್ಚಿ ಹಾಡಿದ ಧಾಟಿಯೇ ಬೂಟು ತೊಟ್ಟು ಕವಾಯತು ಮಾಡುತ್ತದೆ. ಮೊದಲೇ ಬಂದದ್ದನ್ನೆಲ್ಲ ವೇಗ ಬದಲಿಸಿ ಕೊನೆಗೆ ಒಟ್ಟುಗೂಡಿಸಿದ್ದೇನೆ ಅಂತ ಲಿಸ್ಟೇ ಪತ್ರದಲ್ಲಿ ವಿವರಿಸಿದ್ದಾನೆ. ಹಜಾರ ಒಡೆದ ಮೇಲೆ ಇಡೀ ಮನೆಗೆ ಒಂದೇ ಕೋಣೆ.

ಶ್ರುತಿಪೆಟ್ಟಿಗೆ
ಹಾಗಾದರೆ ಚೈಕೋವ್‌ಸ್ಕಿ? ಆ ಪ್ರಸಿದ್ಧ ಆರಂಭ, ಪಿಯಾನೊ ಕೆಳಗಿಂದ ಮೇಲಕ್ಕೆ ಕಾರ್ಡ್ ಬಡಿಯುವುದು. ಇಡೀ ಕಾನ್ಸರ್ಟೊ ಕೇಳಿದೆ, ಆ ಹಾಡು ಮತ್ತೆ ಬರಲೇ ಇಲ್ಲ. ರೆಕಾರ್ಡಿಂಗ್ ಕತ್ತರಿಸಿದ್ದಾರಾ?

ಹಳೇರೆಕಾರ್ಡು
ಕತ್ತರಿಸಿಲ್ಲ, ಬರುವುದೇ ಇಲ್ಲ. ಬಿ ಫ್ಲಾಟ್ ಮೈನರ್ ಕಾನ್ಸರ್ಟೊ ಅಂತ ಹೆಸರು, ಆ ಹಾಡು ಇರುವುದು ಡಿ ಫ್ಲಾಟ್ ಮೇಜರಿನಲ್ಲಿ. ನೂರಕ್ಕೂ ಹೆಚ್ಚು ಬಾರ್ ಊಟ ಹಾಕಿ ಎದ್ದು ಹೋದ ನೆಂಟ. ಅದರ ಎಳೆಗಳು ಮುಂದೆ ಮುಚ್ಚಿಕೊಂಡಿವೆ ಅಂತ ಪಂಡಿತರು ತೋರಿಸುತ್ತಾರೆ. ಕಿವಿಗೆ ಸಿಕ್ಕರೆ ಸಿಕ್ಕಿತು. ಇನ್ನೊಂದು ತಮಾಷೆ, ಆ ಹಾಡು ಹಾಡುವುದು ಪಿಟೀಲುಗಳು. ಪಿಯಾನೊ ಅಷ್ಟು ಸದ್ದು ಮಾಡಿಕೊಂಡು ಮೊದಲು ಕೊಡುವುದು ಬರೀ ಪಕ್ಕವಾದ್ಯ. ರಾಖ್ಮನಿನೋವ್ ಎರಡನೆಯದರಲ್ಲೂ ಹಾಗೇ: ಗಂಟೆ ಬಾರಿಸಿದಂಥ ಎಂಟು ಬಾರ್ ಆದಮೇಲೆ ಮುಖ್ಯ ಹಾಡು ಆರ್ಕೆಸ್ಟ್ರಾದ್ದು, ಪಿಯಾನೊ ಅಡಿಯಲ್ಲಿ ಅಲೆ ಎಬ್ಬಿಸುತ್ತದೆ. ಕಾಯುವ ಬದಲು ಸೇವೆ.

ನನಗೆ ಹೇಳಬೇಕೆನಿಸಿದ್ದು ಬೇರೆ. ನಾವಿಷ್ಟು ಹೊತ್ತು ಲೈಪ್‌ಜಿಗ್, ವೈಮಾರ್ ಅಂದೆವು. ಮೈಸೂರಿನ ಹೆಸರು ಹೊತ್ತ ಪಿಯಾನೊ ಕಾನ್ಸರ್ಟೊ ಒಂದಿದೆ, ಯಾರಿಗಾದರೂ ನೆನಪಿದೆಯೇ? ನಿಕೊಲಾಯ್ ಮೆಟ್ನರ್, ರಷ್ಯಾದವನು, ರಾಖ್ಮನಿನೋವ್‌ನ ಗೆಳೆಯ. ಕೊನೆಗಾಲ ಲಂಡನ್ನಿನಲ್ಲಿ, ಬಹುಮಟ್ಟಿಗೆ ಮರೆತುಹೋದವನಾಗಿ. ಅವನ ಸಂಗೀತಕ್ಕೆ ಮನಸೋತ ಜಯಚಾಮರಾಜ ಒಡೆಯರು ಮೆಟ್ನರ್ ಸೊಸೈಟಿಯ ಹೆಸರಿನಲ್ಲಿ ಖರ್ಚು ವಹಿಸಿಕೊಂಡು ರೆಕಾರ್ಡ್ ಮಾಡಿಸಿದರು. ಮೂರೂ ಕಾನ್ಸರ್ಟೊ ಮೆಟ್ನರ್ ತಾನೇ ನುಡಿಸಿದ್ದಾನೆ, ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ. ಮೂರನೆಯದು, ಇ ಮೈನರ್, ಮಹಾರಾಜರಿಗೆ ಅರ್ಪಣೆ. ಶ್ರೀವಿದ್ಯಾ ಅಂಕಿತದಲ್ಲಿ ಕೃತಿ ರಚಿಸಿದ ಅದೇ ಮಹಾರಾಜರು.

ಬಂಧದ ದೃಷ್ಟಿಯಿಂದ ಒಂದನೆಯದು ಕೇಳಿ. 1914ರಿಂದ 1918ರವರೆಗೆ ಬರೆದದ್ದು. ಇಡೀ ಕಾನ್ಸರ್ಟೊ ಒಂದೇ ಮೂವ್‌ಮೆಂಟ್, ಒಂದೇ ದೊಡ್ಡ ಸೊನಾಟ ಬಂಧ. ನಡುವಿನ ಬೆಳವಣಿಗೆ ಇರಬೇಕಾದ ಜಾಗದಲ್ಲಿ ವೇರಿಯೇಷನ್‌ಗಳ ಸರಣಿ. ಲಿಸ್ಟ್ ಮನೆಯನ್ನು ಒಂದೇ ಕೋಣೆ ಮಾಡಿದ ಅಂದಿರಲ್ಲ, ಇವನು ಆ ಕೋಣೆಗೆ ಬ್ರಾಮ್ಸ್‌ನ ಕಂಬ ನಿಲ್ಲಿಸಿದ.

ಘಟ್ಟದಕೆಳಗೆ
1918 ಅಂದರೆ ರೊಮ್ಯಾಂಟಿಕ್ ಕಾಲ ಮುಗಿದಿತ್ತಲ್ಲ?

ಹಳೇರೆಕಾರ್ಡು
ಮೆಟ್ನರ್‌ಗೆ ಯಾರೂ ತಿಳಿಸಿರಲಿಲ್ಲ.

ಮಂದ್ರ
😂 ಹಳೇರೆಕಾರ್ಡು ಸರ್, ಶೋಪ್ಯಾನ್ ವಿಷಯದಾಗ ನಿಮ್ಮ ಜೋಡಿ ಇನ್ನೂ ಜಗಳ ಬಾಕಿ ಅದ. ಆದ್ರ ಈ ಮೈಸೂರಿನ ಮಾತಿಗೆ ಕೈ ಮುಗದೆ.

ಶ್ರುತಿಪೆಟ್ಟಿಗೆ
ಒಂದು ವಾರ ಆಯಿತು, ವರದಿ ಕೊಡಲು ಬಂದೆ. ಭಾನುವಾರ ಮಗಳು ಮತ್ತು ನಾನು ಕ್ಲಿಪ್ ತೆಗೆದೆವು. ಹಾಳೆ ಮೇಲೆ ಹಲ್ಲಿನ ಗುರುತು ಬಿದ್ದಿದೆ. ಪಿಯಾನೊ ಇಲ್ಲದ, ಆರ್ಕೆಸ್ಟ್ರಾ ಮಾತ್ರ ಇರುವ ಟ್ರ್ಯಾಕ್ ಫೋನಿನಲ್ಲಿ ಹಾಕಿ, ಫೋನನ್ನು ಸ್ಪೀಕರಿಗೆ ಜೋಡಿಸಿ, ಅವಳು ಪಿಯಾನೊ ಮುಂದೆ ಕೂತಳು. ನಾನು ಪಕ್ಕದಲ್ಲಿ ಪುಸ್ತಕ ತಿರುಗಿಸಲು. ಮೂರು ಎಣಿಕೆಯ ಬಾರ್, ನಾನು ಬೆರಳಲ್ಲಿ ಎಣಿಸುತ್ತಾ ಹೋದೆ. ಮೊದಲ ಥೀಮ್ ಗಡಸು, ಆಮೇಲೆ ಪಿಟೀಲಿನಲ್ಲಿ ಒಂದು ಮೆತ್ತನೆಯದು, ಆಮೇಲೆ ಮಂದ್ರ ಅವರು ಹೇಳಿದ ಇ ಮೇಜರ್. ತಂಬೂರಿ ಆ್ಯಪ್ ಇ ಸ್ವರಕ್ಕೆ ಇಟ್ಟು ಸಣ್ಣಗೆ ಹಚ್ಚಿದ್ದೆ (ಮಗಳು ಕಣ್ಣು ಕೆಕ್ಕರಿಸಿದಳು). ಅಲ್ಲಿಯವರೆಗೂ ಹೆಚ್ಚುಕಮ್ಮಿ ಸೇರಿಕೊಂಡೇ ಇತ್ತು, ಸತ್ಯವಾಗಿಯೂ.

ನೂರರ ಆಸುಪಾಸಿನಲ್ಲಿ ಅವಳು ಕೈ ಎತ್ತಿ ಕೀಲಿಗಳ ಮೇಲಿಟ್ಟಳು, ಮತ್ತೆ ತೊಡೆಗೆ ತಂದಳು. ಅಂಗೈ ಒರೆಸಿಕೊಂಡಳು. 139 ಬಂದಾಗ ಎರಡೂ ಕೈ ಒಟ್ಟಿಗೆ ಬಿತ್ತು. ಇಷ್ಟು ದಿನ ಪಾಠದಲ್ಲಿ ನುಡಿಸಿದ್ದಕ್ಕಿಂತ ಜೋರಾಗಿ ಬಿತ್ತು. ಅಡುಗೆಮನೆಯಿಂದ ನನ್ನ ಹೆಂಡತಿ "ಏನಾಯ್ತು?" ಅಂತ ಓಡಿಬಂದಳು.

ಜಿ ಮೇಜರ್ ಬರುವ ಜಾಗ ತಲುಪುವ ಮೊದಲೇ ಕರೆಂಟ್ ಹೋಯಿತು. ಪಿಯಾನೊ ನಿಲ್ಲಲಿಲ್ಲ, ಆರ್ಕೆಸ್ಟ್ರಾ ನಿಂತಿತು.